ಓಡದ ಗಾಡಿಗೆ ಬಂದ ಬಹುಮಾನ

ನಾನು ಒಂದು ಗಾಡಿ. ಗೇಣುದ್ದದ ಗಾಡಿ. ನನ್ನ ಮೈ ಮುರಿದ ಬೆಂಚಿನ ತುಂಡು, ಗಾಲಿಗಳು ಸವೆದ ಹವಾಯಿ ಚಪ್ಪಲಿಯಿಂದ ಕತ್ತರಿಸಿದವು, ಅಚ್ಚು ಸೈಕಲ್ ಕಡ್ಡಿ. ಚಪ್ಪಲಿಯಿಂದ ಹುಟ್ಟಿದ್ದಕ್ಕೆ ನನಗೇನೂ ನಾಚಿಕೆಯಿಲ್ಲ. ಗದಗ ಸೀಮೆಯ ಒಂದು ಹಳ್ಳಿಯ ಶಾಲೆಯಲ್ಲಿ, ನಾಲ್ಕನೇ ತರಗತಿಯ ಮಕ್ಕಳ ನಡುವೆ ನೆಲದ ಮೇಲೆ ಕೂತು ನನ್ನನ್ನು ಮಾಡಿದವರು ಅಲ್ಲಿಯ ಶಿಕ್ಷಕಿ ಸುಲೋಚನಾ ಅಂಗಡಿ. ಮಕ್ಕಳ ಬಾಯಲ್ಲಿ ಅವರು ಬರೀ ಅಕ್ಕೋರು.

ಅಕ್ಕೋರು ಒಂದು ಹಲಗೆಯನ್ನು ಇಟ್ಟಿಗೆಗೆ ಆನಿಸಿ ಇಳಿಜಾರು ಮಾಡಿದರು. ಅಲ್ಲಿಂದ ನನ್ನನ್ನು ಬಿಟ್ಟರೆ ಫರಸಿಕಲ್ಲಿನ ಮೇಲೆ ಹನ್ನೊಂದು ಗೇಣು ಓಡುತ್ತಿದ್ದೆ, ಗೋಣಿತಾಟಿನ ಮೇಲೆ ನಾಲ್ಕು, ಉಸುಕಿನಲ್ಲಿ ಒಂದೇ. ಒಬ್ಬೊಬ್ಬರ ಗೇಣು ಒಂದೊಂದು ಅಳತೆಯದಾಗಿ ಜಗಳ ಹತ್ತಿತು. ಕೊನೆಗೆ ಫಕೀರವ್ವನೆಂಬ ಹುಡುಗಿಯ ಗೇಣನ್ನೇ ತರಗತಿಯ ಅಳತೆಯೆಂದು ಎಲ್ಲರೂ ಒಪ್ಪಿದರು.

ಗೋಣಿತಾಟಿನ ಮೇಲೆ ಗಾಡಿ ಯಾಕೆ ಬೇಗ ನಿಲ್ಲುತ್ತದೆ ಎಂದು ಅವಳು ಕೇಳಿದಾಗ ಅಕ್ಕೋರು ನನ್ನನ್ನು ಅವಳ ಕೈಗಿಟ್ಟರು.

"ನಾ ಹೇಳೂದಿಲ್ಲವ್ವಾ. ಗಾಡಿ ನಿನ್ನ ಕೈಯಾಗ ಐತಿ, ಅದನ್ನ ಕೇಳು."

ಆ ಮಾತಿಗೆ ನಾನು ಸೋತುಹೋದೆ. ಕಟ್ಟಿಗೆ ಚೂರಿಗೂ ಒಂದು ಮರ್ಯಾದೆ ಕೊಟ್ಟವರು ಅವರು. ಫಕೀರವ್ವ ನಿಜವಾಗಿಯೂ ನನ್ನನ್ನು ಕೇಳಿದಳು. ಬೋರಲು ಹಾಕಿ, ಗಾಲಿ ತಿರುಗಿಸಿ, ಅಚ್ಚಿಗೆ ಕಿವಿಯಿಟ್ಟು ಕೇಳಿದಳು. ಮರುದಿನ ಅಜ್ಜನ ಚಕ್ಕಡಿಯ ಕೀಲೆಣ್ಣೆಯನ್ನು ಎಲೆಯ ಮೇಲೆ ತಂದು ನನ್ನ ಅಚ್ಚಿಗೆ ಒಂದು ಹನಿ ಬಿಟ್ಟಳು. ಅವತ್ತು ನಾನು ಫರಸಿಕಲ್ಲಿನ ಮೇಲೆ ಹದಿನೇಳು ಗೇಣು ಓಡಿದೆ. ಅಕ್ಕೋರು ಅವಳ ಹೆಸರನ್ನು ಕರಿಹಲಗೆಯ ಮೇಲೆ ದೊಡ್ಡದಾಗಿ ಬರೆದರು. ಮೊದಲೆಲ್ಲ ಬಾಯಿಬಿಡದ ಆ ಹುಡುಗಿ ಅಂದಿನಿಂದ ಎಲ್ಲದಕ್ಕೂ ಕೈಯೆತ್ತತೊಡಗಿದಳು.

ಅಷ್ಟರಲ್ಲಿ ತಾಲೂಕಿನ ಕಲಿಕೋಪಕರಣ ಮೇಳ ಬಂತು. ನನ್ನನ್ನು ಓಡಿಸಿ ತೋರಿಸುವ ಕೆಲಸ ಫಕೀರವ್ವನಿಗೆ ಸಿಕ್ಕಿತು. ವಾರವಿಡೀ ಅವಳು ಮಾತು ಉರುಹೊಡೆದಳು. ಬೇರೆ ಶಾಲೆಯವರು ಥರ್ಮೊಕೋಲಿನಲ್ಲಿ ಅರಮನೆಯಂಥದ್ದನ್ನು ಕಟ್ಟಿ ತರುತ್ತಾರೆ, ಈ ಚಪ್ಪಲಿ ಗಾಡಿ ನೋಡಿದರೆ ನಗುತ್ತಾರೆ ಎಂಬ ಚಿಂತೆ ಅಕ್ಕೋರಿಗೆ ಹತ್ತಿತು. ಭಾನುವಾರ ನನ್ನನ್ನು ಮನೆಗೆ ಒಯ್ದು, ಶಾಲೆಯ ಗೇಟಿಗೆ ಬಳಿದು ಉಳಿದಿದ್ದ ನೀಲಿ ಬಣ್ಣವನ್ನು ಮೈತುಂಬ ಬಳಿದರು. ಗಾಲಿಗೂ ಬಳಿದರು, ಅಚ್ಚಿಗೂ ಬಳಿದರು. ಬಣ್ಣ ಸಂದಿಗಿಳಿದು ಒಣಗಿತು.

ಸೋಮವಾರ ಮುಂಜಾನೆ ಬೆರಳಿನಿಂದ ನೂಕಿದರೂ ಗಾಲಿ ತಿರುಗದಿದ್ದಾಗ ಅವರ ಮುಖ ಸಪ್ಪಗಾಯಿತು. ಬಸ್ಸಿನ ಹೊತ್ತಾಗಿತ್ತು. ಸುಮ್ಮನೆ ನನ್ನನ್ನು ಚೀಲಕ್ಕೆ ಹಾಕಿಕೊಂಡರು. ಫಕೀರವ್ವನಿಗೆ ಏನೂ ಹೇಳಲಿಲ್ಲ.

ಮೇಳದಲ್ಲಿ ಬಹುಮಾನಕ್ಕೆ ಆರಿಸಲು ಬಂದಿದ್ದ ಸಾಹೇಬರು ನಮ್ಮ ಮೇಜಿನ ಮುಂದೆ ನಿಂತು, ಓಡಿಸಿ ತೋರಿಸು ಅಂದರು. ಹೊಸ ರಿಬ್ಬನ್ ಕಟ್ಟಿಕೊಂಡಿದ್ದ ಫಕೀರವ್ವ ಗೋಣಿತಾಟಿನ ಮಾತು, ಕೀಲೆಣ್ಣೆಯ ಮಾತು ಎಲ್ಲವನ್ನೂ ತಡವರಿಸದೆ ಹೇಳಿ ನನ್ನನ್ನು ಹಲಗೆಯ ಮೇಲಿಟ್ಟು ಕೈಬಿಟ್ಟಳು. ನಾನು ಕದಲಲಿಲ್ಲ. ಅವಳು ನೂಕಿದಳು. ನಾಲ್ಕು ಬೆರಳು ಜಾರಿ ಅಲ್ಲೇ ನಿಂತೆ. ಸುತ್ತಲಿದ್ದವರು ಮುಸಿಮುಸಿ ನಕ್ಕರು. ಅವಳು ಅಕ್ಕೋರ ಮುಖ ನೋಡಿದಳು. ಬಣ್ಣ ಬಳಿದು ಕೆಡಿಸಿದೆ ಎಂದು ಅವರು ಒಂದು ಮಾತು ಹೇಳಿದ್ದರೆ ಸಾಕಿತ್ತು.

"ಈಕಿ ಅದೇನೋ ಎಣ್ಣಿ ಹಚ್ಚಿ ಕೆಡಿಸಿಬಿಟ್ಟಾಳ್ರಿ ಸರ," ಅಂದರು ಅಕ್ಕೋರು.

ಅವರ ದನಿ ಸಣ್ಣಗಿತ್ತು, ಆದರೆ ಹುಡುಗಿಗೆ ಕೇಳಿಸಿತು. ನನಗೂ ಕೇಳಿಸಿತು. ಗಾಡಿಯನ್ನು ಕೇಳು ಅಂದ ಬಾಯಿಯೇ ಅದು! ನನ್ನನ್ನು ಕೆಡಿಸಿದ್ದಕ್ಕೆ ನನಗೆ ಅಷ್ಟು ಸಂಕಟವಿಲ್ಲ. ಆ ಕೂಸಿನ ತಲೆಗೆ ಅದನ್ನು ಕಟ್ಟಲು ನನ್ನನ್ನು ಬಳಸಿಕೊಂಡರಲ್ಲ, ಅದನ್ನು ಇವತ್ತಿಗೂ ಕ್ಷಮಿಸಿಲ್ಲ.

ಅಂದಚೆಂದ ನೋಡಿ ನನಗೆ ಎರಡನೇ ಬಹುಮಾನ ಕೊಟ್ಟರು. ಓಡದ ಗಾಡಿಗೆ ಬಹುಮಾನ, ನೋಡಿ! ಶಾಲೆಗೆ ಮರಳಿದ ಮೇಲೆ ಪ್ರಶಸ್ತಿಪತ್ರದ ಜೊತೆ ನನ್ನನ್ನು ಗಾಜಿನ ಕಪಾಟಿನಲ್ಲಿಟ್ಟು, 'ಮುಟ್ಟಬಾರದು' ಎಂಬ ಚೀಟಿ ಅಂಟಿಸಿದರು. ಅಲ್ಲಿಂದ ಮುಂದೆ ಬಲ ಮತ್ತು ಚಲನೆಯ ಪಾಠ ಬಂದಾಗ ಅಕ್ಕೋರು ಕರಿಹಲಗೆಯ ಮೇಲೆ ಗಾಡಿಯ ಚಿತ್ರ ಬರೆಯುತ್ತಿದ್ದರು, ಮಕ್ಕಳು ನಕಲು ಮಾಡಿಕೊಳ್ಳುತ್ತಿದ್ದರು. ನನ್ನ ಕಡೆ ಅವರು ತಿರುಗಿಯೂ ನೋಡುತ್ತಿರಲಿಲ್ಲ. ಫಕೀರವ್ವ ಹಿಂದಿನ ಸಾಲಿಗೆ ಹೋಗಿ ಕೂತವಳು ಮತ್ತೆ ಕೈಯೆತ್ತಲಿಲ್ಲ.

ಏಳನೇ ತರಗತಿ ಮುಗಿಸಿ ಶಾಲೆ ಬಿಡುವ ದಿನ ಹುಡುಗಿಯರು ಕೋಣೆ ಸ್ವಚ್ಛ ಮಾಡುತ್ತಿದ್ದರು. ಕಪಾಟಿನ ಪಾಲು ಫಕೀರವ್ವನಿಗೆ ಬಂತು. ಅವಳು ನನ್ನನ್ನು ಎರಡೂ ಕೈಯಲ್ಲಿ ಎತ್ತಿ ಧೂಳು ಒರೆಸಿದಳು. ಅವಳ ಗೇಣು ಈಗ ನನಗಿಂತ ಉದ್ದವಾಗಿತ್ತು. ಆಚೀಚೆ ನೋಡಿ, ಮೆಲ್ಲಗೆ ನನ್ನನ್ನು ಕೇಳಿದಳು.

"ನಾ ಎಣ್ಣಿ ಹಚ್ಚಿದ್ದಕ್ಕ ಕೆಟ್ಟ್ಯೇನು?"

ಅಲ್ಲವ್ವಾ, ಅಲ್ಲ. ಉತ್ತರ ನನ್ನ ಅಚ್ಚಿನಲ್ಲೇ ಇತ್ತು, ನೀಲಿಯಾಗಿ, ಗಟ್ಟಿಯಾಗಿ. ಹಿಂದಿನಂತೆ ಬೋರಲು ಹಾಕಿ, ಉಗುರಿನಿಂದ ಒಂದು ಸಲ ಕೆರೆದಿದ್ದರೆ ಅವಳಿಗೇ ಕಾಣುತ್ತಿತ್ತು. ಅವಳ ಬೆರಳು ಗಾಲಿಯ ಹತ್ತಿರದವರೆಗೆ ಬಂತು. ಅಲ್ಲೇ ತಡೆದು, ಚೀಟಿಯ ಕಡೆ ನೋಡಿ, ನನ್ನನ್ನು ಇದ್ದ ಜಾಗದಲ್ಲೇ ಇಟ್ಟು ಗಾಜು ಮುಚ್ಚಿದಳು.