ಕೆಳಗಿನ ಸಾಲು

ಕಿಂವ್ ಎಂದಿತು, ಮತ್ತೆ ಕಿಂವ್, ಗುಂಡಿ ಒತ್ತಿದಾಗಲೆಲ್ಲ ಗುಬ್ಬಿಮರಿಯ ಕತ್ತು ಹಿಸುಕಿದ ಸದ್ದು, ಸಿದ್ದೇಶ ಪಡಸಾಲೆಯ ಕಂಬಕ್ಕೆ ಒರಗಿ ಒತ್ತುತ್ತಲೇ ಇದ್ದಾನೆ, ನನ್ನ ತಂಗಿಯ ಮಗ, ಕುಷ್ಟಗಿಯಲ್ಲಿ ರೇಷ್ಮೆ ಸಾಕಣೆಯ ಸಾಮಾನು ಮಾರುವವನು, ನಾಳೆ ಹುಳ ಬರತಾವ ಮಾಮಾ, ಹುಳದ ಮನಿ ಬಿಸಿಲಿಗೆ ಕಾಯಬಾರದು, ಈ ಥರ್ಮಾಮೀಟರ್ ಸರಿ ಮಾಡಿ ಗ್ವಾಡಿಗೆ ಹಾಕಿ ಹೋಗ್ತೀನ್ರಿ — ಹಾಕು, ಮಹಾ ಯಂತ್ರ, ಅಂಗೈಯಗಲದ ಡಬ್ಬಿ, ಒಂದು ತಂತಿ, ತಂತಿಯ ತುದಿಗೆ ಸೂಜಿ, ಚುಕ್ಕೆಯ ಮುಂದೆ ಒಂದು ಅಂಕಿ ಸಾಕೋ ಎರಡು ಬೇಕೋ ಎಂದು ಕೇಳುತ್ತಾನೆ, ಹುಳುಗಳೇನು ಗಣಿತ ಕಲಿತು ಬರುತ್ತವೆಯೆ, ಇಪ್ಪತ್ತು ವರ್ಷ ನನ್ನ ಹೆಂಡತಿ ಪಂಪಾವತಿ ಹುಳದ ಮನೆಯ ಬಾಗಿಲಲ್ಲಿ ನಿಂತು ಕೆನ್ನೆಗೆ ಗಾಳಿ ತಾಗಿಸಿಕೊಂಡಳು, ಗೋಣಿತಟ್ಟು ತೋಯಿಸ್ರಿ ಎಂದಳು, ನಾನು ತೋಯಿಸಿದೆ, ಅಷ್ಟೇ ಯಂತ್ರ, ಹುಳು ಬದುಕಿದವು, ಅವಳು ವೈಶಾಖದಲ್ಲಿ ಹೋದಳು, ಜ್ವರ ಎಂದರು, ನಾನು ಬಿಸಿಲು ಎಂದೆ, ಬಿಸಿಲೇ, ಇಂದಿಗೂ ಬಿಸಿಲೇ ಎನ್ನುತ್ತೇನೆ.

ವೈಶಾಖದಲ್ಲಿ ಈ ಡಬ್ಬಿ ತಂದ ದಿನವೂ ಇವನು ಹೀಗೇ ಒರಗಿ ನಿಂತಿದ್ದ, ಮ್ಯಾಲಿನ ಸಾಲು ಸೂಜಿ ತುದೀದ್ರಿ ಮಾಮಾ, ಕೆಳಗಿಂದು ಖೋಲೀದು, ಎರಡೂ ನೋಡಬೇಕ್ರಿ — ನನಗೇನು ಎರಡು ತಲಿ ಅದಾವೇನೋ, ಒಂದು ತಗದು ಒಗಿ ಅಂದವನು ನಾನು, ಪಂಪಾವತಿ ಬಾಯಿಗೆ ಸೆರಗು ಹಿಡಿದು ನಕ್ಕಳು, ತಗದು ಬಿಡಪಾ ಸಿದ್ದಾ, ಇರೂ ಒಂದನ್ನರೆ ಎಲ್ಲಿ ನಂಬತಾರಿವರು, ತೆಗೆದ, ಕೆಳಗಿನ ಸಾಲು ಮಾಯವಾಯಿತು, ಮೂರನೆಯ ದಿನ ನಡುಹಗಲಿನ ಪೂಜೆಗೆ ಮಡಿಯುಟ್ಟು ಕುಳಿತಿದ್ದೇನೆ, ಕೈಯಲ್ಲಿ ಬಿಲ್ವಪತ್ರೆ, ಅವಳು ದೇವರ ಕೋಣೆಯ ಹೊಸ್ತಿಲಾಚೆ, ಮೈ ಕೆಂಡ ಆಗೇತ್ರಿ, ಒಂಚೂರು ಮುಟ್ಟಿ ನೋಡ್ರಿ — ಮಡಿಯೊಳಗ ಅದೀನಿ, ಕಾಣಂಗಿಲ್ಲೇನು — ಹಂಗಾರ ಇದನ್ನರೆ ನೋಡ್ರಿ, ಸೂಜಿ ಕಂಕುಳಾಗ ಇಟಗೊಂಡು ಗುಂಡಿ ಒತ್ತೀನಿ, ಹೊಸ್ತಿಲ ಮೇಲೆ ಕೈ ಚಾಚಿದಳು, ಹಸಿರು ಬಳೆ, ನಡುಗುವ ಬಳೆ, ಅಂಗೈಯಲ್ಲಿ ಆ ಡಬ್ಬಿ, ನಲವತ್ತು ಪಾಯಿಂಟ್ ಮೂರು, ಅದು ಬಿಸಿಲ ತೋರಸಾಕ ಹತ್ತೇತಿ ಅಂದೆ, ಇವತ್ತು ಯಾರ ಕಂಕುಳಾಗ ಇಟ್ರೂ ನಲವತ್ತಾ, ಹೋಗಿ ಮಲಕೋ, ಗಂಟೆ ಬಾರಿಸಿದೆ, ಗಂಟೆಯ ಸದ್ದಿನಲ್ಲಿ ಬಳೆಯ ಸದ್ದು ಹೋಯಿತು, ಸಂಜೆಗೆ ಮಾತು ನಿಂತಿತು, ಕೊಪ್ಪಳದ ದವಾಖಾನೆ ಮುಟ್ಟುವಾಗ ಉಸಿರೂ, ಅಲ್ಲೊಬ್ಬ ಮೀಸೆ ಬಲಿಯದ ಡಾಕ್ಟರು, ಮಧ್ಯಾನ್ನಾನಾ ಯಾಕ ತರಲಿಲ್ರಿ ಅಜ್ಜಾರ, ಮುಟ್ಟಿದ್ರ ಗೊತ್ತಾಗತಿತ್ತಲ್ರಿ, ಇವನು ನನಗೆ ಮುಟ್ಟಲು ಕಲಿಸುತ್ತಾನೆ, ಬಿಸಿಲಿತ್ತಪಾ ಅಂದೆ, ಸಾವಿಗೆ ಮಾತನಾಡಿಸಲು ಬಂದ ನೆರೆಮನೆಯ ಭೀಮಕ್ಕನಿಗೂ ಬಿಸಿಲು ಅಂದೆ, ದೇವರಿಗೂ ದಿನಾ ಅದನ್ನೇ ಹೇಳುತ್ತೇನೆ, ಅವನು ಮಾತ್ರ ಇದುವರೆಗೆ ಹೌದು ಎಂದಿಲ್ಲ.

ಕಿಂವ್ — ಎರಡೂ ಸಾಲು ಹಾಕೀನ್ರಿ ಮಾಮಾ, ಈ ಸಲ ಬ್ಯಾಡ ಅನಬ್ಯಾಡ್ರಿ, ಅರೆ, ಕಡೀ ಸಲ ಗುಂಡಿ ಒತ್ತಿದ್ದು ಒಳಗ ಹಂಗಾ ಉಳದೇತಿ ನೋಡ್ರಿ, ವೈಶಾಖದ್ದು, ಮ್ಯಾಲ ನಲವತ್ತು ಪಾಯಿಂಟ್ ಮೂರು, ಕೆಳಗ ಮೂವತ್ಮೂರು ಪಾಯಿಂಟ್ ಆರು — ಕೆಳಗಿಂದು ತಗದಿದ್ದೆಲ್ಲೋ — ಕಾಣದಂಗ ಮಾಡಿದ್ದೆ ಅಷ್ಟಾ ಮಾಮಾ, ಒಳಗ ತನ್ನ ಪಾಡಿಗೆ ತಾ ಬರಕೋತನ ಇರತೇತದು, ಖೋಲಿ ಮೂವತ್ಮೂರು ಇದ್ದಾಗ ಸೂಜಿ ಎದರಾಗ ಹಾಕಿದ್ರಿ, ಕಾದ ನೀರಾಗೇನು — ಮೂವತ್ಮೂರು, ಮನೆ ತಂಪಾಗಿತ್ತು, ಅಪ್ಪ ಕಟ್ಟಿಸಿದ ಮಣ್ಣಿನ ಮಾಳಿಗೆ, ಮೊಳದಗಲ ಗೋಡೆ, ಊರಿಗೆಲ್ಲ ನಾನು ಹೇಳಿದ ಬಿಸಿಲು ಹೊಸ್ತಿಲು ದಾಟಿ ಒಳಗೆ ಬಂದೇ ಇರಲಿಲ್ಲ, ಥೂ, ಮಡಿಯಂತೆ, ಪೂಜೆಯಂತೆ, ಎರಡು ತಲೆ ಇಲ್ಲವೆಂದು ಬೀಗಿದವನೆ, ಇದ್ದ ಒಂದರಲ್ಲಾದರೂ ಏನಿತ್ತು, ಒಂದೇ ಒಂದು ಬೆರಳು ತಾಗಿಸಿ ಮತ್ತೆ ಸ್ನಾನ ಮಾಡಿ ಬರಬಹುದಿತ್ತು, ಬಾವಿಯಲ್ಲಿ ನೀರಿತ್ತು — ಮಾಮಾ, ಇದನ್ನ ಅಳಸಲೇನ್ರಿ, ಮಾಮಾ — ಹೊಸ್ತಿಲ ಮೇಲೆ ಚಾಚಿದ ಕೈ, ಹಸಿರು ಬಳೆ, ನಲವತ್ತು ಪಾಯಿಂಟ್ ಮೂರು, ಚಾಚಿದ ಕೈ, ಹಸಿರು ಬಳೆ, ಚಾಚಿದ ಕೈ —