ಶಟರ್ ಸದ್ದು

ಪಕ್ಕದ ಓಣಿಯ ಮುದುಕ ಸತ್ತು ಒಂಬತ್ತು ದಿನ ಯಾರಿಗೂ ಗೊತ್ತಾಗಲಿಲ್ಲ. ಅಂದಿನಿಂದ ಕುರಮೊಚಿಗೆ ಒಂದೇ ಯೋಚನೆ. ಬೆಳಿಗ್ಗೆ ಎಂಟಾದರೂ ತನ್ನ ಕಿಟಕಿಯ ಶಟರ್ ತೆರೆಯದಿದ್ದರೆ ಬಂದು ಬಾಗಿಲು ತಟ್ಟಿ ಎಂದು ಪಕ್ಕದ ಮನೆಯ ಹನಾವಾ ಅವರಿಗೆ ಹೇಳಬೇಕು. ಅವರೂ ಒಂಟಿಯೇ. ಆದರೆ ಇಂಥದ್ದನ್ನು ಹೊಸ್ತಿಲಲ್ಲಿ ನಿಂತು ಧುತ್ತೆಂದು ಹೇಳಲಾಗುತ್ತದೆಯೇ? ಮೂವತ್ತು ವರ್ಷದ ನೆರೆಯಾದರೇನು, ಮೊದಲು ಹವೆ, ಆಮೇಲೆ ಹಿತ್ತಲ ಹಣ್ಣು, ಅದರ ಬಾಲ ಹಿಡಿದು ಮೆಲ್ಲಗೆ ವಿಷಯ. ಆಯುಷ್ಯವೆಲ್ಲ ಬೆಟ್ಟದ ದಾರಿಯಲ್ಲಿ ಬಸ್ಸು ತಿರುಗಿಸಿದ ಮನುಷ್ಯನಿಗೆ ಮಾತು ತಿರುಗಿಸಲು ಬಾರದು.

ಮನೆಯಿಂದ ಮನೆಗೆ ದಾಟಿಸುವ ಓಣಿಯ ಸುತ್ತೋಲೆ ಬಂದಾಗ, ಎಂದಿನಂತೆ ಹನಾವಾ ಅವರ ಅಂಚೆಪೆಟ್ಟಿಗೆಗೆ ತುರುಕದೆ ಗಂಟೆ ಒತ್ತಿದ.

"ಚಳಿ ಶುರುವಾಯ್ತಲ್ಲ."

"ಹೌದು ನೋಡಿ, ಶುರುವಾಯ್ತು," ಎಂದರು ಹನಾವಾ.

"ನಿಮ್ಮ ಹಿತ್ತಲ ಕಾಕಿ ಮರ ಈ ಸಲ ಚೆನ್ನಾಗಿ ಹಣ್ಣು ಬಿಟ್ಟಿದೆ."

"ಎಲ್ಲಾ ಕಾಗೆ ಪಾಲು ಬಿಡಿ!"

ನಕ್ಕರು. ಅವರ ಕೈ ಆಗಲೇ ಬಾಗಿಲಿಗೆ ಹೋಗಿತ್ತು. ಕುರಮೊಚಿ ಗಡಿಬಿಡಿಗೊಂಡ.

"ಅಂದ ಹಾಗೆ... ಬೆಳಿಗ್ಗೆ ಆರಕ್ಕೆ ನಿಮ್ಮ ಶಟರ್ ಸದ್ದು ನಮ್ಮನೆಗೆ ಚೆನ್ನಾಗಿ ಕೇಳುತ್ತೆ."

ನಮ್ಮದೂ ನಿಮಗೆ ಕೇಳುತ್ತಾ ಎಂಬುದು ಮುಂದಿನ ಮಾತಾಗಬೇಕಿತ್ತು. ಆದರೆ ಆ ಊರಿನವರು ದೂರು ಹೇಳುವುದೂ ಹೀಗೇ ನಯವಾಗಿಯೇ. ಹನಾವಾ ಅವರ ಮುಖ ಬಿಳಿಚಿಕೊಂಡಿತು.

"ಅಯ್ಯೋ, ಕ್ಷಮಿಸಿ! ಇಷ್ಟು ವರ್ಷ ತೊಂದ್ರೆ ಕೊಟ್ಬಿಟ್ಟೆ!"

ಅವರು ಸೊಂಟ ಮುರಿಯುವಷ್ಟು ಬಾಗಿದರು. ಇವನೂ ಬಾಗಿದ. ಅವರು ಮತ್ತೆ ಬಾಗಿದರು. ಇದರ ನಡುವೆ ಮಾತು ತೂರುವುದೆಲ್ಲಿ? ಬಾಗಿಲು ಮುಚ್ಚಿತು.

ಮರುದಿನ ಆರು ಹೊಡೆಯಿತು, ಸದ್ದಿಲ್ಲ. ಹನಾವಾ ತಮ್ಮ ಶಟರಿಗೆ ಎಣ್ಣೆ ಹಾಕಿಬಿಟ್ಟಿದ್ದರು. ಹೆಂಡತಿ ಹೋದ ಮೇಲೆ ಬೆಳಗಾಯಿತು ಎಂದು ಅವನಿಗೆ ಹೇಳುತ್ತಿದ್ದದ್ದು ಆ ಕಿರಕಿರ ಒಂದೇ. ಅದನ್ನೂ ಬಾಯಾರೆ ಕಳೆದುಕೊಂಡ ದಡ್ಡ. ಇನ್ನು ಏಳುವುದಾದರೂ ಯಾತಕ್ಕೆ? ಹೊದಿಕೆ ಎಳೆದುಕೊಂಡು ಕತ್ತಲಲ್ಲೇ ಬಿದ್ದುಕೊಂಡ. ಅಳು ಬಂತು, ಅತ್ತ.

ಎಂಟೂಕಾಲಿಗೆ ಯಾರೋ ದಬದಬ ಬಾಗಿಲು ಬಡಿದರು. ತೆರೆದರೆ ಹನಾವಾ, ಕಾಲಲ್ಲಿ ಮನೆಯೊಳಗೆ ಹಾಕುವ ಚಪ್ಪಲಿ, ಏದುಸಿರು. ಅವನನ್ನು ಕಂಡು ಗೋಡೆ ಹಿಡಿದುಕೊಂಡರು.

"ಚಳಿ... ಜಾಸ್ತಿಯಾಯ್ತಲ್ಲ."

"ಹೌದು, ಜಾಸ್ತಿಯಾಯ್ತು."

"ಅಂದ ಹಾಗೆ, ಕುರಮೊಚಿ ಅವರೇ, ನಿಮ್ಮ ಶಟರ್ ಸದ್ದು ಕೇಳಿದ್ಮೇಲೇ ನಾನು ಟೀ ಕುಡಿಯೋದು. ದಯವಿಟ್ಟು ಅದಕ್ಕೆ ಎಣ್ಣೆ ಹಾಕ್ಬೇಡಿ."