ಇಮ್ತಿಯಾಝ್ ಹಾಕಿದ ವಿಂಡೋಸ್

ಇಮ್ತಿಯಾಝ್ ಗಲ್ಫಿನ ದಮಾಮ್‌ನಲ್ಲಿ ಒಂದು ಕಂಪೆನಿಯ ಐ.ಟಿ. ಸೆಕ್ಷನ್‌ನಲ್ಲಿದ್ದ ಎಂಬುದು ಬೋಳಾರದ ಆ ಮನೆಯಲ್ಲಿ ಯಾರೂ ಪ್ರಶ್ನಿಸದ ಮಾತು. ಅಲ್ಲಿ ಅವನು ಮಾಡುತ್ತಿದ್ದದ್ದು ಏನೆಂದು ಅತ್ತಿಗೆ ಆರಿಫಾಗೆ ಗೊತ್ತಿತ್ತು. ಪ್ರಿಂಟರುಗಳನ್ನು ಒಂದು ಮಹಡಿಯಿಂದ ಇನ್ನೊಂದಕ್ಕೆ ಹೊರುವುದು, ಅವುಗಳ ಹೊಟ್ಟೆಗೆ ಕಾಗದ ತುಂಬುವುದು. ಗಂಡ ಅಹ್ಮದ್ ಬಾವ ಒಮ್ಮೆ ಬಾಯಿ ತಪ್ಪಿ ಹೇಳಿಬಿಟ್ಟು, ಆಮೇಲೆ "ಉಮ್ಮನ ಕಿವಿಗೆ ಹಾಕಬೇಡ" ಎಂದು ಆಣೆ ಮಾಡಿಸಿಕೊಂಡಿದ್ದ. ಆರಿಫಾ ಅತ್ತೆಯ ಕಿವಿಗೆ ಹಾಕಲಿಲ್ಲ. ಕಾಗದ ತುಂಬುವುದರಲ್ಲಿ ಅವಮಾನವೇನೂ ಇಲ್ಲ ಎಂದೇ ಅವಳ ಅಭಿಪ್ರಾಯ. ಆದರೆ ತುಂಬಿದವನು ಊರಿಗೆ ಬಂದು, ಸೋಫಾದ ಮೇಲೆ ಕಾಲು ಹಾಕಿ, "ಸರ್ವರ್" "ನೆಟ್‌ವರ್ಕ್" ಎಂದು ಗಂಟಲು ಸರಿಮಾಡಿಕೊಳ್ಳುವುದನ್ನು ಕಂಡರೆ ಅವಳ ಮೈ ಉರಿಯುತ್ತಿತ್ತು.

ಆರಿಫಾ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದವಳು. ಕೆಲಸ ಬಿಟ್ಟು ಮನೆಯಲ್ಲಿ ಕೂತಿದ್ದಾಗ ಹಳೆಯ ವಿದ್ಯಾರ್ಥಿನಿ ಮುನೀರಾ ಶಾರ್ಜಾದಿಂದ ಫೋನ್ ಮಾಡಿದಳು. "ಟೀಚರ್, ನಮ್ಮ ಮಕ್ಕಳಿಗೆ ಕನ್ನಡದಲ್ಲಿ ಹೆಸರು ಬರೆಯಲಿಕ್ಕೂ ಬರುವುದಿಲ್ಲ. ಆನ್‌ಲೈನಿನಲ್ಲಿ ಕಲಿಸ್ತೀರಾ? ಇಲ್ಲಿ ನಾವು ಏಳೆಂಟು ಮನೆಯವರು ಇದ್ದೇವೆ." ಆರಿಫಾ ಅಂದು ರಾತ್ರಿಯ ಊಟ ಉಪ್ಪಿಲ್ಲದೆಯೇ ಬಡಿಸಿದಳು, ಅಷ್ಟು ಖುಷಿ.

ಲ್ಯಾಪ್‌ಟಾಪ್ ಸಿಕ್ಕಿದ್ದು ಕೊಡಿಯಾಲ್‌ಬೈಲ್‌ನ ತೆರೆಸಾಳಿಂದ. ಒಂದೇ ಸ್ಟಾಫ್‌ರೂಮಿನಲ್ಲಿ ಎದುರುಬದುರು ಕೂತಿದ್ದ ಗೆಳತಿ. ತನ್ನ ಹಳೆಯದನ್ನು ಅಗ್ಗಕ್ಕೆ ಕೊಟ್ಟು, "ಇದು ಸಿಕ್ಕಾಪಟ್ಟೆ ಹ್ಯಾಂಗ್ ಆಗ್ತದೆ ಆರಿಫಾ. ಒಮ್ಮೆ ಎಲ್ಲ ಅಳಿಸಿ ವಿಂಡೋಸ್ ಹೊಸತಾಗಿ ಹಾಕಿಸು, ಮತ್ತೆ ಎಂತ ತೊಂದರೆ ಇಲ್ಲ" ಎಂದಿದ್ದಳು. ಆರಿಫಾ ಅದನ್ನು ಅಂಗಡಿಗೆ ಒಯ್ಯಲು ಬುರ್ಖಾ ಹಾಕಿಕೊಂಡು ಬಾಗಿಲವರೆಗೆ ಬಂದಿದ್ದಳು ಕೂಡ.

"ಎಲ್ಲಿಗೆ ಅತ್ತಿಗೆ? ಅಂಗಡಿಗಾ?" ಇಮ್ತಿಯಾಝ್ ಸೋಫಾದಿಂದಲೇ ಕೈ ಚಾಚಿದ. "ಮನೆಯಲ್ಲಿ ನಾನು ಇರುವಾಗ ಅಂಗಡಿಗೆ ಕೊಟ್ಟರೆ ಜನ ಎಂತ ಹೇಳಿಯಾರು? ಹತ್ತು ನಿಮಿಷದ ಕೆಲಸ."

ಒಳಗಿನಿಂದ ಅತ್ತೆ ಆಯಿಶಾ ಕೂಗಿದರು. "ಕೊಡು ಅವನಿಗೆ. ಅಲ್ಲಿ ದೊಡ್ಡ ದೊಡ್ಡ ಕಂಪ್ಯೂಟರ್ ನೋಡಿದವ ಅವನು."

ನೋಡಿದ್ದಂತೂ ನಿಜ, ಎಂದುಕೊಂಡಳು ಆರಿಫಾ. ಬುರ್ಖಾ ತೆಗೆದು ಮೊಳೆಗೆ ನೇತುಹಾಕಿದಳು.

ಹತ್ತು ನಿಮಿಷದ ಕೆಲಸ ಆ ವಾರವನ್ನೆಲ್ಲ ನುಂಗಿತು. ಇಮ್ತಿಯಾಝ್ ಊಟದ ಮೇಜನ್ನು ಆಕ್ರಮಿಸಿದ. ಫ್ಯಾನು ತನ್ನ ಕಡೆ ತಿರುಗಿಸಿದ. ಮನೆಯವರೆಲ್ಲ ತಟ್ಟೆ ತೊಡೆಯ ಮೇಲಿಟ್ಟುಕೊಂಡು ಉಣ್ಣುವಂತಾಯಿತು. ಅವನು ಒಂದು ಪೆನ್‌ಡ್ರೈವ್ ಚುಚ್ಚುತ್ತಿದ್ದ, ಪರದೆ ನೀಲಿಯಾಗುತ್ತಿತ್ತು, ಶೇಕಡಾ ಲೆಕ್ಕ ನಿಧಾನಕ್ಕೆ ಏರುತ್ತಿತ್ತು, ಯಂತ್ರ ತನ್ನಷ್ಟಕ್ಕೆ ಆರಿ ಮತ್ತೆ ಹೊತ್ತಿಕೊಳ್ಳುತ್ತಿತ್ತು. ಅಷ್ಟರಲ್ಲಿ ಅವನು ಪಿಯಾನೋ ಬಾರಿಸುವವನ ಹಾಗೆ ಬೆರಳೆತ್ತಿ ಒಂದು ಕೀ ಒತ್ತುತ್ತಿದ್ದ. ಮತ್ತೆ ಮೊದಲ ಪುಟ. ಮತ್ತೆ ಯಾವ ಭಾಷೆ ಬೇಕೆಂಬ ಪ್ರಶ್ನೆ. ಮತ್ತೆ ಸೊನ್ನೆಯಿಂದ ಲೆಕ್ಕ.

"ಇದು ಹಾಗೆಯೇ ಅತ್ತಿಗೆ. ಒಂದರ ಮೇಲೆ ಒಂದು ಲೇಯರ್ ಕೂರಬೇಕು," ಎಂದ ಮೊದಲ ದಿನ.

ಮರುದಿನ ತಪ್ಪು ಕರೆಂಟಿನದಾಯಿತು. ಅದರ ಮರುದಿನ ತೆರೆಸಾಳದು. "ಅವರು ಇದನ್ನು ಎಂತ ಮಾಡಿಟ್ಟಿದ್ದಾರೋ ಮಾರಾಯ್ರೆ!" ಆಮೇಲೆ ತಪ್ಪು ಆರಿಫಾಳದೇ ಆಯಿತು, ಒರೆಸುವ ಬಟ್ಟೆ ಹಿಡಿದು ಪಕ್ಕದಲ್ಲಿ ಹಾದುಹೋದದ್ದಕ್ಕೆ. "ಸ್ಟ್ಯಾಟಿಕ್ ಬರ್ತದೆ ಅತ್ತಿಗೆ, ದೂರ ನಿಲ್ಲಿ." ಗುರುವಾರ ಅವನು ಯಂತ್ರವನ್ನು ಅಂಗಾತ ಮಲಗಿಸಿ, ಕೆಳಗೆ ಕಿವಿಗೊಟ್ಟು ಕೇಳಿ, ವೈದ್ಯರ ಹಾಗೆ ತಲೆ ಅಲ್ಲಾಡಿಸಿದ. "ಮದರ್‌ಬೋರ್ಡ್ ಹೋಗಿದೆ. ಹೊಸತು ತೆಗೆದುಕೊಳ್ಳುವುದೇ ಒಳ್ಳೆಯದು. ನನ್ನ ದೋಸ್ತಿಯ ಅಂಗಡಿ ಉಂಟು."

ಆರಿಫಾ ರಾತ್ರಿ ಗಂಡನ ಹತ್ತಿರ ಹೇಳಿಕೊಂಡಳು. "ನಾಳೆ ಸಂಜೆ ನನ್ನ ಮೊದಲ ಕ್ಲಾಸ್. ಆ ಮಕ್ಕಳಿಗೆ ನಾನು ಎಂತ ಹೇಳಲಿ?"

"ಅವನ ಮನಸ್ಸು ನೋಯಿಸಬೇಡ ಆರಿಫಾ. ಕೆಲಸ ಇಲ್ಲದೆ ಕೂತಿದ್ದಾನೆ," ಎಂದು ಅಹ್ಮದ್ ಬಾವ ಮಗ್ಗುಲು ಬದಲಿಸಿದ. ಬಂದರಿನ ಅಂಗಡಿಯಲ್ಲಿ ಒಂದು ಅಕ್ಕಿಚೀಲ ಕಡಿಮೆ ಬಂದರೆ ಲಾರಿಯವನ ಏಳು ತಲೆಮಾರನ್ನು ಜಾಲಾಡುವ ಮನುಷ್ಯ. ತಮ್ಮನ ವಿಷಯ ಬಂದರೆ ಬೆಣ್ಣೆ. ಆರಿಫಾಗೆ ಗಂಡನ ಮೇಲೂ ತಾತ್ಸಾರ ಹುಟ್ಟಿತು, ಇಷ್ಟು ದಿನ ತೊಡೆಯ ಮೇಲೆ ತಟ್ಟೆ ಇಟ್ಟುಕೊಂಡು ಸುಮ್ಮನೆ ಉಂಡ ತನ್ನ ಮೇಲೂ.

ಶುಕ್ರವಾರ ಇಮ್ತಿಯಾಝ್ ಕೊನೆಯ ಪ್ರಯತ್ನ ಎಂದು ಮತ್ತೆ ಶುರು ಮಾಡಿದ. ಅರ್ಧದಲ್ಲಿ ಜುಮಾ ನಮಾಝಿನ ಹೊತ್ತಾಯಿತು. ಅತ್ತರು ಹಚ್ಚಿಕೊಂಡು ಹೊರಡುತ್ತಾ, "ಯಾರೂ ಮುಟ್ಟಬೇಡಿ" ಎಂದು ಬೆರಳಾಡಿಸಿ ಹೋದ.

ಆರಿಫಾ ಮೇಜಿನ ಮುಂದೆ ಕೂತಳು. ಮುಟ್ಟಲಿಲ್ಲ. ಕನ್ನಡಕ ಮಾತ್ರ ಹಾಕಿಕೊಂಡಳು. ಲೆಕ್ಕ ನೂರು ಮುಟ್ಟಿತು, ಪರದೆ ಕಪ್ಪಾಯಿತು. ಕಪ್ಪಿನ ಮೂಲೆಯಲ್ಲಿ ಸಣ್ಣ ಬಿಳಿ ಅಕ್ಷರಗಳ ಒಂದು ಸಾಲು ಮೂಡಿತು. ಪೆನ್‌ಡ್ರೈವ್‌ನಿಂದ ಶುರು ಮಾಡಬೇಕಿದ್ದರೆ ಯಾವುದಾದರೂ ಕೀ ಒತ್ತಿ, ಎಂದು ಇಂಗ್ಲಿಷಿನಲ್ಲಿತ್ತು. ಅದರ ಮುಂದೆ ಒಂದೊಂದೇ ಚುಕ್ಕಿ ಬೀಳತೊಡಗಿತು.

ಅವಳು ಎರಡು ಸಲ ಓದಿದಳು. ಬೇಕಿದ್ದರೆ ಒತ್ತಿ. ಅಂದರೆ ಬೇಡದಿದ್ದರೆ ಬೇಡ. ಒತ್ತಿದರೆ ಪೆನ್‌ಡ್ರೈವ್, ಮೊದಲ ಪುಟ, ಸೊನ್ನೆ. ಮುಗಿದ ಕೆಲಸವನ್ನು ಆ ಮಹಾಶಯ ವಾರವಿಡೀ ತನ್ನ ಕೈಯಾರೆ ಅಳಿಸಿ, ಮತ್ತೆ ಮಾಡಿ, ಮತ್ತೆ ಅಳಿಸುತ್ತಿದ್ದ! ಪ್ರಶ್ನೆ ಓದದೆ ಉತ್ತರ ಬರೆಯುವ ಮಕ್ಕಳನ್ನು ಅವಳು ಬೇಕಾದಷ್ಟು ಕಂಡಿದ್ದಳು. ಅವರಲ್ಲಿ ಯಾರೂ ತನ್ನ ಉತ್ತರಪತ್ರಿಕೆಯ ಮದರ್‌ಬೋರ್ಡ್ ಹೋಗಿದೆ ಎಂದಿರಲಿಲ್ಲ.

ಆರಿಫಾ ಕೈಗಳನ್ನು ಸೆರಗಿನೊಳಗೆ ಸುತ್ತಿಕೊಂಡು ಕೂತಳು. ಚುಕ್ಕಿಗಳು ಮುಗಿದವು. ಸಾಲು ಮಾಯವಾಯಿತು. ಯಂತ್ರ ಸ್ವಲ್ಪ ಹೊತ್ತು ಗೊರಗೊರ ಎಂದು, ಆಮೇಲೆ ಅವಳು ಈ ಮನೆಯಲ್ಲಿ ಇದುವರೆಗೆ ನೋಡಿರದ ಪುಟವೊಂದನ್ನು ತೆರೆಯಿತು. ಯಾವ ದೇಶ? ಯಾವ ಕೀಬೋರ್ಡ್? ನಿಮ್ಮ ಹೆಸರು? ಅವಳು ಪ್ರತಿ ಪ್ರಶ್ನೆಯನ್ನೂ ಪೂರ್ತಿ ಓದಿ ಉತ್ತರ ಕೊಟ್ಟಳು. ಹೆಸರಿನ ಜಾಗದಲ್ಲಿ "ಆರಿಫಾ ಟೀಚರ್" ಎಂದು ಇಂಗ್ಲಿಷಿನಲ್ಲಿ ಬರೆದಳು.

ಇಮ್ತಿಯಾಝ್ ಮಸೀದಿಯಿಂದ, ಮಸೀದಿಯ ಹೊರಗಿನ ಹರಟೆಯಿಂದ ಮರಳುವಾಗ ಪರದೆಯ ತುಂಬ ನೀಲಿ ಕಿಟಕಿಯ ಚಿತ್ರ ಹರಡಿಕೊಂಡಿತ್ತು. ಅವನು ಒಂದು ಕ್ಷಣವೂ ತಬ್ಬಿಬ್ಬಾಗಲಿಲ್ಲ. ಆ ಮಟ್ಟಿಗೆ ಪ್ರತಿಭಾವಂತನೇ.

"ನೋಡಿದಿರಾ? ನಾನು ಹೇಳಿದ್ದಲ್ಲವಾ? ಅದಕ್ಕೆ ಸ್ವಲ್ಪ ರೆಸ್ಟ್ ಬೇಕಿತ್ತು!"

"ಇಮ್ತಿಯಾಝ್, ಅಲ್ಲಿ ಒಂದು ಸಾಲು ಬರ್ತದೆ. ಆಗ ಕೀ ಒತ್ತಬಾರದು. ನೀನು ಪ್ರತಿ ಸಲ ಒತ್ತುತ್ತಿದ್ದೆ. ನಾನು ಒತ್ತಲಿಲ್ಲ, ಅಷ್ಟೆ."

ಅತ್ತೆ ಜಪಮಣಿ ಎಣಿಸುತ್ತಾ ಬಂದು ನಿಂತಿದ್ದರು. "ನೀನು ಎಂತದೂ ಮಾಡಲಿಲ್ಲ ಅಂತ ನೀನೇ ಹೇಳ್ತಿಯಲ್ಲ! ಮತ್ತೆ ಮಾಡಿದ್ದು ಅವನೇ ಅಲ್ಲವಾ?"

ವ್ಯಾಕರಣದ ಪ್ರಕಾರ ಅತ್ತೆಯ ಮಾತಿನಲ್ಲಿ ದೋಷವಿರಲಿಲ್ಲ.

ಸಂಜೆ ಪರದೆಯ ಮೇಲೆ ಪುಟ್ಟ ಪುಟ್ಟ ಚೌಕಗಳಲ್ಲಿ ಮಕ್ಕಳು ಮೂಡಿದರು. ಮುನೀರಾಳ ಮಗಳು ನಜ್ಲಾ ತನ್ನ ಹೆಸರು ಬರೆದು ಕಾಗದವನ್ನು ಕ್ಯಾಮೆರಾಕ್ಕೆ ಒತ್ತಿ ಹಿಡಿದಳು. ಲ ಒತ್ತಕ್ಷರ ಮುಗ್ಗರಿಸಿ ಬಿದ್ದ ಹಾಗಿತ್ತು. "ಚಂದ ಉಂಟು ಮಗಾ. ಇನ್ನೊಮ್ಮೆ ಬರಿ," ಎಂದಳು ಆರಿಫಾ. ವಾರದಲ್ಲಿ ಮೊದಲ ಬಾರಿ ಅವಳ ದನಿಯಲ್ಲಿ ವ್ಯಂಗ್ಯವಿರಲಿಲ್ಲ. ಹಿಂದಿನ ಬಾಗಿಲಲ್ಲಿ ಇಮ್ತಿಯಾಝ್ ಯಾರಿಗೋ ಫೋನಿನಲ್ಲಿ, "ಡೆಡ್ ಆಗಿತ್ತು ಮಾರಾಯ, ಡೆಡ್! ನಾನು ಎಬ್ಬಿಸಿದ್ದು" ಎನ್ನುತ್ತಿದ್ದ.

ಆ ಮಾತು ಬೋಳಾರ ದಾಟಿ ಹೋಯಿತು. ಮುಂದಿನ ವಾರ ಮಸೀದಿಯ ಪರಿಚಯದ ಉಮರಬ್ಬ ಹಾಜಿ ಮನೆಗೆ ಬಂದರು. ಶಕ್ತಿನಗರದಲ್ಲಿ ಅವರ ಅಳಿಯ ಹೊಸ ಪೀಠೋಪಕರಣದ ಅಂಗಡಿ ತೆರೆದಿದ್ದ. ಕಂಪ್ಯೂಟರು, ಬಿಲ್ಲಿಂಗು ನೋಡಿಕೊಳ್ಳಲು ನಂಬಿಕಸ್ಥ ಜನ ಬೇಕಿತ್ತು. ಇಮ್ತಿಯಾಝ್ ಸ್ನಾನಕ್ಕೆ ಹೋಗಿದ್ದ. ಹಾಜಿಯವರು ಆರಿಫಾಳ ಕಡೆ ಬಾಗಿ ದನಿ ತಗ್ಗಿಸಿದರು.

"ಟೀಚರ್, ನೀವು ಸುಳ್ಳು ಹೇಳುವವರಲ್ಲ. ಹುಡುಗನಿಗೆ ಕೆಲಸ ಬರ್ತದಾ?"

ಅತ್ತೆ ಸೊಸೆಯ ಮುಖವನ್ನೇ ನೋಡಿದರು. ಆರಿಫಾ ಒಮ್ಮೆ ಸೋಫಾ ನೋಡಿದಳು. ಅದರ ನಡುವಿನಲ್ಲಿ ಇಮ್ತಿಯಾಝ್‌ನ ಆಕಾರದ ಒಂದು ಹೊಂಡ ಬಿದ್ದಿತ್ತು.

"ಹಿಡಿದ ಕೆಲಸ ಬಿಡುವವನಲ್ಲ ಹಾಜಿಯವರೇ," ಎಂದಳು ಗಂಭೀರವಾಗಿ. "ಮುಗಿದ ಮೇಲೂ ಬಿಡುವುದಿಲ್ಲ."

ಹಾಜಿಯವರು ಮೆಚ್ಚಿ ತಲೆದೂಗಿದರು. ಸೋಮವಾರ ಬೆಳಿಗ್ಗೆ ಇಮ್ತಿಯಾಝ್ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಕೊರಳಿಗೆ ಖಾಲಿ ಗುರುತುಚೀಟಿಯ ದಾರ ಹಾಕಿಕೊಂಡು ಶಕ್ತಿನಗರದ ಬಸ್ಸು ಹತ್ತಿದ. ಅತ್ತೆ ಅಂಗಳದವರೆಗೂ ಬಂದು ಕೈಯೆತ್ತಿ ದುಆ ಮಾಡಿದರು. ಆರಿಫಾ ಕೂಡ ಮಾಡಿದಳು, ಅದು ಆ ಅಂಗಡಿಗಾಗಿ.